ಕುಂದಗೋಳದ ಹುಡುಗನ ಗುರು: ಉಸ್ತಾದ್ ಅಬ್ದುಲ್ ಕರೀಂ ಖಾನ್

ಬ್ಯಾಡಗಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವಾಗ ಕುಂದಗೋಳ ಬರುತ್ತದೆ. ಆ ಊರಿನ ರಾಮಚಂದ್ರ ಎಂಬ ಹುಡುಗನನ್ನು ಸವಾಯಿ ಗಂಧರ್ವರನ್ನಾಗಿ ಬೆಳೆಸಿದ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನ್.

ಖಾನ್ ಸಾಹೇಬರು 1872ರಲ್ಲಿ ಉತ್ತರ ಪ್ರದೇಶದ ಕೈರಾನಾದಲ್ಲಿ, ಸಂಗೀತಗಾರರ ಮನೆತನದಲ್ಲಿ ಹುಟ್ಟಿದರು. ಬರೋಡಾ ಆಸ್ಥಾನದಲ್ಲಿದ್ದರು, ಮೈಸೂರು ಅರಮನೆಯಲ್ಲೂ ಹಾಡಿದರು. ಕರ್ನಾಟಕ ಸಂಗೀತದ ಸ್ವರ ಹಾಡುವ ಕ್ರಮವನ್ನು ಮೆಚ್ಚಿ ತಮ್ಮ ಗಾಯನಕ್ಕೆ ತಂದುಕೊಂಡರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು.

ಖ್ಯಾಲ್‌ನಲ್ಲಿ ಬಂದಿಶ್ ಕೆಲವೇ ಸಾಲು. ಉಳಿದದ್ದನ್ನು ಗಾಯಕರು ಹಾಡುತ್ತಲೇ ಕಟ್ಟಬೇಕು. ಹಾಗೆಂದು ಮನಸ್ಸಿಗೆ ಬಂದದ್ದನ್ನೆಲ್ಲ ಹಾಡುವಂತಿಲ್ಲ; ರಾಗದ ನಿಯಮವಿದೆ, ತಾಳದ ಲೆಕ್ಕವಿದೆ. ತಂಬೂರಿಯ ಷಡ್ಜದ ತಂತಿ ಮೀಟಿದರೆ ಗಾಂಧಾರವೂ ಸಣ್ಣಗೆ ಕೇಳುತ್ತದೆ. ಆ ನಾದಕ್ಕೆ ಕಂಠ ಸೇರಿಸಿ ಒಂದೊಂದೇ ಸ್ವರವನ್ನು ನಿಧಾನವಾಗಿ ಬೆಳೆಸುವುದು ಅವರ ಕಿರಾನಾ ಘರಾಣೆಯ ದಾರಿ. ಒಂದೇ ಸ್ವರವನ್ನು ಸಾವಿರ ಸಲ ಹಾಡಿದವರಿಗೆ ಹೊಸದು ತಾನಾಗಿ ಹೊಳೆಯುತ್ತದೆ.

1937ರ ಅಕ್ಟೋಬರ್ 27ರಂದು, ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ಎದೆನೋವು ಬಂದು, ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರು. ಅಲ್ಲೇ, ಪ್ರಾರ್ಥನೆ ಮಾಡುತ್ತ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಮೀರಜ್‌ನ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಇಂದಿಗೂ ಅಲ್ಲಿ ಅವರ ನೆನಪಿನಲ್ಲಿ ಸಂಗೀತ ಸೇವೆ ನಡೆಯುತ್ತದೆ.

ಅವರ ವಿದ್ಯೆ ಸವಾಯಿ ಗಂಧರ್ವರಿಂದ ಭೀಮಸೇನ ಜೋಶಿಯವರಿಗೆ, ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ ಹಾನಗಲ್ ಅವರಿಗೆ ಬಂತು. ಗುರು ಜಾತಿ ಕೇಳಲಿಲ್ಲ, ಶಿಷ್ಯ ಧರ್ಮ ನೋಡಲಿಲ್ಲ. ಹಾಗಾಗಿಯೇ ಕೈರಾನಾದ ಸ್ವರ ನಮ್ಮ ಸೀಮೆಯ ಸ್ವರವಾಯಿತು.