ದೊಡ್ಡಸ್ವಾಮಿ ಕಂಡದ್ದು ಮತ್ತು ಕೇಳಿದ್ದು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಿಮಗೆ ಲಂಬಾಣಿ ತಾಂಡಾಗಳು ಹೊಸವೇನಲ್ಲ. ಕಬ್ಬು ಕಡಿಯಲು ಮಂಡ್ಯಕ್ಕೂ, ಕಾಫಿ ತೋಟದ ಕೆಲಸಕ್ಕೆ ಚಿಕ್ಕಮಗಳೂರಿಗೂ ಗುಳೆ ಹೋಗಿ ಬರುವ ನೆರೆಹೊರೆಯವರು ಅವರು. ಅವರ ಬಗ್ಗೆ ಇನ್ನೂರು ವರ್ಷಗಳ ಹಿಂದೆ ನಮ್ಮ ಧರ್ಮಸಭೆಯ ಗುರುವೊಬ್ಬರು ಬರೆದ ಮಾತು ಇಂದಿಗೂ ಅಚ್ಚಿನಲ್ಲಿದೆ. ಆ ಗುರುವೇ ಅಬ್ಬೆ ದುಬಾಯ್.

ಫ್ರಾನ್ಸಿನ ಈ ಗುರು 1792ರಲ್ಲಿ ದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಉಡುಗೆ ತೊಡುಗೆ, ನಡೆ ನುಡಿಗಳಲ್ಲಿ ಇಲ್ಲಿಯವರಂತೆಯೇ ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬು ತಡೆಯಲು ಊರೂರಿಗೆ ದೇವಿ ಹಾಕಿಸಿದರು. ಇಂಥವರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ.

ಹಿಂದೂಗಳ ಆಚಾರ ವಿಚಾರಗಳ ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಹ ಕೊಟ್ಟು ಕೊಂಡಿತು. ಅದು 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆಳುವವರಿಗೆ ಆಳಿಸಿಕೊಳ್ಳುವವರ ಪರಿಚಯ ಬೇಕಿತ್ತಲ್ಲ! ಕಣ್ಣಾರೆ ಕಂಡವರ ಬರಹವೆಂದು ಅಧಿಕಾರಿಗಳು ಅದನ್ನು ನಂಬಿದರು.

ಆದರೆ ಅದರಲ್ಲಿ ಎಲ್ಲವೂ ಕಂಡದ್ದಲ್ಲ. ಯೇಸುಸಭೆಯ ಗುರು ಕೂರ್ದು 1779ರಲ್ಲಿ ತೀರಿಕೊಂಡವರು. ಅವರ ಬರಹದ ಬಹುಭಾಗ ದುಬಾಯ್ ಪುಸ್ತಕದಲ್ಲಿ ಸೇರಿಹೋಗಿದೆಯೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಹಿಂದಿನವರ ಬರಹ ಬಳಸಿಕೊಳ್ಳುವುದು ಆ ಕಾಲದಲ್ಲಿ ದೊಡ್ಡ ಅಪರಾಧವಲ್ಲದಿರಬಹುದು. ಅದಕ್ಕಿಂತ ಲಂಬಾಣಿಗಳ ಮಾತೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಅವರು ದಾರಿಯಲ್ಲಿ ಸಿಕ್ಕವರನ್ನು ಹಿಡಿದೊಯ್ದು, ಕುತ್ತಿಗೆಯವರೆಗೆ ಹೂತು, ತಲೆಯ ಮೇಲೆ ಹಿಟ್ಟಿನ ದೀಪ ಹಚ್ಚಿ ನರಬಲಿ ಕೊಡುತ್ತಾರೆಂದು ದುಬಾಯ್ ಬರೆದರು. ತಾವೇ ಕಂಡೆವೆಂದಲ್ಲ, ಜನ ಹಾಗೆ ಹೇಳುತ್ತಾರೆಂದು. ಎತ್ತುಗಳ ಮೇಲೆ ದವಸ ಹೇರಿ ಸೈನ್ಯಗಳಿಗೆ ಒದಗಿಸುತ್ತಿದ್ದ, ಯಾವ ಊರಿನಲ್ಲೂ ನಿಲ್ಲದ ಜನರ ಮೇಲೆ ಊರಿನವರು ಏನು ತಾನೇ ಹೇಳುವುದಿಲ್ಲ? ಲಂಬಾಣಿಯವರು ಹಿಡಿದುಕೊಂಡು ಹೋಗುತ್ತಾರೆಂದು ಹೆದರಿಸುವ ಮಾತನ್ನು ಚಿಕ್ಕಂದಿನಲ್ಲಿ ನಾನೂ ಕೇಳಿದ್ದೇನೆ. ನೀವೂ ಕೇಳಿರಬಹುದು, ಯಾರಾದರೂ ಕಂಡಿದ್ದೀರಾ?

1871ರಲ್ಲಿ ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳೆಂದು ಬುಡಕಟ್ಟುಗಳನ್ನು ಪಟ್ಟಿ ಮಾಡುವ ಕಾಯಿದೆ ತಂದರು. ಬಂಜಾರರ ಹಲವು ಗುಂಪುಗಳಿಗೂ ಆ ಹಣೆಪಟ್ಟಿ ತಗುಲಿತು. ಅದು ಕಳಚಿದ್ದು 1952ರಲ್ಲಿ. ಒಂದು ಪುಸ್ತಕದಿಂದಲೇ ಕಾಯಿದೆ ಹುಟ್ಟಿತೆನ್ನುವುದು ಅನ್ಯಾಯ. ಆದರೆ ಗುರುವಿನ ಲೇಖನಿಯಿಂದ ಬಂದ ಗಾಳಿಮಾತಿಗೆ ಸಾಕ್ಷಿಯ ತೂಕ ಬರುತ್ತದೆ. ಎಂಟನೆಯ ಕಟ್ಟಳೆ ಪಾಪನಿವೇದನೆಗೆ ಬರುವವರಿಗೆ ಮಾತ್ರವೇ, ಅದನ್ನು ಕೇಳಲು ಕೂತ ನಮಗಿಲ್ಲವೇ?

ಇದೇ ದುಬಾಯ್ ತಮ್ಮ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಮೂವತ್ತು ವರ್ಷ ದುಡಿದರೂ ನಿಜವಾದ ಮನಪರಿವರ್ತನೆ ಕಂಡದ್ದು ಅತಿ ವಿರಳವೆಂದು ಒಪ್ಪಿಕೊಂಡರು. ಇತರ ಮಿಷನರಿಗಳು ಸಿಟ್ಟಾದರು. ತನ್ನ ಸೋಲನ್ನು ಹೀಗೆ ಬರೆದವನ ಮಾತನ್ನು ನಾನು ನಂಬುತ್ತೇನೆ.

ಆ ವರ್ಷದ ಜನವರಿಯಲ್ಲಿ ಅವರು ಭಾರತ ಬಿಟ್ಟರು, ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಪುಸ್ತಕವನ್ನು ಅವರು ಬಹಳಷ್ಟು ತಿದ್ದಿ ಬೆಳೆಸಿದ್ದರು. ತಿದ್ದಿದ ಪ್ರತಿಯಲ್ಲೂ ಹಿಟ್ಟಿನ ದೀಪದ ಆ ಕಥೆ ಹಾಗೆಯೇ ಉಳಿದಿದೆ.