ಕ್ಲಾಡ್ ಬರ್ನಾರ್ಡ್

ಫ್ರಾನ್ಸ್ ದೇಶದ ಬೋಜೊಲೆ ಸೀಮೆಯಲ್ಲಿ ಸಾಂ-ಜೂಲಿಯನ್ ಎಂಬುದೊಂದು ಹಳ್ಳಿ. ಅಲ್ಲಿ ದ್ರಾಕ್ಷಿ ಬೆಳೆದು ಬದುಕುವ ಬಡ ಸಂಸಾರವೊಂದರಲ್ಲಿ 1813ರ ಜುಲೈ 12ರಂದು ಕ್ಲಾಡ್ ಬರ್ನಾರ್ಡ್ ಹುಟ್ಟಿದನು. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದಲೋ ಏನೋ, ಈ ತೋಟಿಗರ ಮಗನ ಕಥೆ ನನ್ನನ್ನು ಬಲವಾಗಿ ಹಿಡಿದಿದೆ.

ಓದು ಮುಂದುವರಿಸಲು ಹಣವಿಲ್ಲದೆ ಆತ ಲಿಯೋನ್ ನಗರದ ಔಷಧದ ಅಂಗಡಿಯೊಂದಕ್ಕೆ ಸೇರಿದನು. ಕೆಟ್ಟುಹೋದ ಮದ್ದುಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಸರ್ವರೋಗ ನಿವಾರಕವೆಂದು ಮಾರುವುದನ್ನು ಕಂಡು ಅವನಿಗೆ ವೈದ್ಯದ ಮೇಲೆಯೇ ಸಂಶಯ ಹುಟ್ಟಿತು. ನಾಟಕಕಾರನಾಗುವ ಆಸೆಯಿಂದ ದುರಂತ ನಾಟಕವೊಂದನ್ನು ಬರೆದುಕೊಂಡು ಪ್ಯಾರಿಸಿಗೆ ಹೋದನು. ಅಲ್ಲಿನ ವಿಮರ್ಶಕರೊಬ್ಬರು ಅದನ್ನು ಓದಿ, ಹೊಟ್ಟೆಪಾಡಿಗೆ ವೈದ್ಯ ಕಲಿಯುವಂತೆ ಬುದ್ಧಿ ಹೇಳಿದರು. 1843ರಲ್ಲಿ ಅವನು ವೈದ್ಯ ಪದವಿ ಪಡೆದನು. ಆದರೆ ರೋಗಿಗಳಿಗೆ ಮದ್ದು ಕೊಡಲು ಹೋಗದೆ, ಮಾಜೆಂಡಿ ಎಂಬ ಪ್ರಸಿದ್ಧ ಶರೀರವಿಜ್ಞಾನಿಯ ಪ್ರಯೋಗಶಾಲೆಯಲ್ಲಿಯೇ ನಿಂತನು.

ಜೀರ್ಣಕ್ರಿಯೆ ಬಹುಮಟ್ಟಿಗೆ ಜಠರದಲ್ಲಿಯೇ ಮುಗಿಯುತ್ತದೆಂಬುದು ಅಂದಿನ ನಂಬಿಕೆ. ಜಿಡ್ಡು ತಿಂದ ಮೊಲದ ಹೊಟ್ಟೆಯನ್ನು ತೆರೆದು ನೋಡಿದಾಗ ಬರ್ನಾರ್ಡನಿಗೆ ವಿಚಿತ್ರವೊಂದು ಕಂಡಿತು. ಮೊಲದಲ್ಲಿ ಪಿತ್ತರಸದ ನಾಳ ಜಠರದ ಸಮೀಪದಲ್ಲಿ ಕರುಳನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯ ನಾಳ ಬಹಳ ಕೆಳಗೆ ಸೇರುತ್ತದೆ. ಕರುಳಿನಿಂದ ಜಿಡ್ಡನ್ನು ಒಯ್ಯುವ ಸಣ್ಣ ನಾಳಗಳು ಈ ಎರಡನೆಯ ನಾಳ ಸೇರಿದ ಮೇಲಷ್ಟೇ ಹಾಲಿನಂತೆ ಬೆಳ್ಳಗಿದ್ದವು. ಹಾಗಾದರೆ ಜಿಡ್ಡನ್ನು ಅರಗಿಸುವುದು ಮೇದೋಜೀರಕ ರಸವೇ ಇರಬೇಕು! ಆ ರಸವನ್ನು ಎಣ್ಣೆಯೊಡನೆ ಬೆರೆಸಿದನು. ಎಣ್ಣೆ ಹಾಲಿನಂತಾಯಿತು, ಬಳಿಕ ಕೊಬ್ಬಿನಾಮ್ಲವಾಗಿಯೂ ಗ್ಲಿಸರಿನ್ ಆಗಿಯೂ ಒಡೆಯಿತು. 1856ರಲ್ಲಿ ಇದನ್ನೆಲ್ಲ ಗ್ರಂಥರೂಪದಲ್ಲಿ ಪ್ರಕಟಿಸಿದನು. ಈ ಕೆಲಸ ಮಾಡುವ ಕಿಣ್ವವನ್ನು ಈಗ ಲೈಪೇಸ್ ಎನ್ನುತ್ತೇವೆ.

ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಆರಂಭವಾದ ಕೆಲಸವಿದು. ಮೂಕಪ್ರಾಣಿಗಳ ನೋವನ್ನು ಅವನ ಹೆಂಡತಿ ಸಹಿಸಲಿಲ್ಲ. ಅವಳು ತಂದ ವರದಕ್ಷಿಣೆಯಿಂದಲೇ ಅವನ ಸಂಶೋಧನೆ ನಡೆದಿತ್ತು. ಕೊನೆಗೆ ಸಂಸಾರ ಒಡೆಯಿತು. ಹೆಣ್ಣುಮಕ್ಕಳೂ ತಾಯಿಯ ಕಡೆಗೇ ನಿಂತರು. ದೇಹಸ್ಥಿತಿ ಕೆಟ್ಟಾಗ ಬರ್ನಾರ್ಡ್ ಹುಟ್ಟೂರಿನ ದ್ರಾಕ್ಷಿತೋಟಗಳ ನಡುವೆ ವಿಶ್ರಮಿಸುತ್ತಿದ್ದನು. ಪ್ರಯೋಗಾತ್ಮಕ ವೈದ್ಯವನ್ನು ಕುರಿತ ಅವನ ಪ್ರಸಿದ್ಧ ಗ್ರಂಥ 1865ರಲ್ಲಿ ಹೊರಬಂದಿತು. 1878ರ ಫೆಬ್ರವರಿ 10ರಂದು ಅವನು ತೀರಿಕೊಂಡಾಗ ಸರ್ಕಾರವೇ ಅಂತ್ಯಕ್ರಿಯೆ ನಡೆಸಿತು. ಫ್ರಾನ್ಸಿನಲ್ಲಿ ಅದುವರೆಗೆ ಯಾವ ವಿಜ್ಞಾನಿಗೂ ಆ ಗೌರವ ದೊರೆತಿರಲಿಲ್ಲ.

ಕರುಳಿನಲ್ಲಿ ಅರಗಿದ ಜಿಡ್ಡು ರಕ್ತಕ್ಕೆ ಸೇರಿದ ಮೇಲೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಅವನ ಕಾಲಾನಂತರ. 1943ರಲ್ಲಿ ಹಾನ್ ಎಂಬ ವಿಜ್ಞಾನಿ, ಊಟದ ಬಳಿಕ ಜಿಡ್ಡಿನಿಂದ ಮಸುಕಾದ ನಾಯಿಯ ರಕ್ತ ಹೆಪಾರಿನ್ ಚುಚ್ಚಿದೊಡನೆ ತಿಳಿಯಾಗುವುದನ್ನು ಕಂಡನು. ಲೈಪೇಸಿನ ಬಂಧುವೊಂದು ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ಅಲ್ಲಿಯೂ ಜಿಡ್ಡನ್ನು ಒಡೆಯುತ್ತದೆ. ಅದರ ಶಕ್ತಿ ಕುಂದಿದರೆ ಜಿಡ್ಡಿನ ಕಣಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ; ಅರೆಬರೆ ಒಡೆದ ಕಣಗಳು ಕೊಲೆಸ್ಟರಾಲನ್ನು ಹೊತ್ತು ಅಪಧಮನಿಯ ಗೋಡೆಯೊಳಗೆ ನುಸುಳುತ್ತವೆ. ಹೃದಯಾಘಾತಕ್ಕೆ ಇದೂ ಒಂದು ದಾರಿ.

ಹೆಂಡತಿ ಮಕ್ಕಳ ಕೋಪ ಅನ್ಯಾಯದ್ದೆಂದು ನಾನು ಹೇಳಲಾರೆ. ಬರ್ನಾರ್ಡನ ಶ್ರಮ ವ್ಯರ್ಥವೆಂದೂ ಹೇಳಲಾರೆ. ಎದೆನೋವಿನ ರೋಗಿಯ ರಕ್ತದಲ್ಲಿ ಜಿಡ್ಡೆಷ್ಟೆಂದು ಇಂದು ವೈದ್ಯರು ಅಳೆದು ನೋಡುವಾಗ, ಆ ತಿಳಿವಿನ ಹಿಂದೆ ಒಬ್ಬ ಹಳ್ಳಿಗನ ಹಟವೂ ಇದೆ, ಹೆಸರಿಲ್ಲದ ಮೊಲ ನಾಯಿಗಳ ಋಣವೂ ಇದೆ.