ಹಸಿಹಾಲಿನ ರೋಗಾಣುವನ್ನು ಬಯಲಿಗೆಳೆದ ಆಲಿಸ್ ಇವಾನ್ಸ್

ಹೊಸ ಮನೆಯನ್ನು ಪ್ರವೇಶಿಸಿದ ದಿನ ಒಲೆಯ ಮೇಲೆ ಮೊತ್ತಮೊದಲು ಹಾಲನ್ನು ಉಕ್ಕಿಸುವುದು ನಮ್ಮ ಸಂಪ್ರದಾಯ. ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಮುಂಬಯಿ ಕನ್ನಡಿಗರ ಹಿರಿಯ ತಲೆಮಾರಿನವರೂ, ಇಂದು ಉಪನಗರಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವವರೂ ಈ ಪದ್ಧತಿಯನ್ನು ಕೈಬಿಟ್ಟಿಲ್ಲ. ಹಾಲನ್ನು ಕಾಯಿಸದೆ ಕುಡಿಯಬಾರದೆಂಬುದು ನಮ್ಮ ಅಡುಗೆಮನೆಗಳಲ್ಲಿ ಯಾರೂ ಕಾರಣ ಕೇಳದೆ ಪಾಲಿಸುವ ನಿಯಮವಾಗಿದೆ. ಹಾಗಿದ್ದರೂ ಆಗತಾನೆ ಕರೆದ ಬೆಚ್ಚನೆಯ ನೊರೆಹಾಲು ಮಕ್ಕಳಿಗೆ ಪುಷ್ಟಿಕರವೆಂಬ ನಂಬಿಕೆಯೂ ನಮ್ಮ ಹಳ್ಳಿಗಳಲ್ಲಿ ಅದರ ಜೊತೆಜೊತೆಗೇ ಬಾಳಿಕೊಂಡು ಬಂದಿದೆ. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಬಲವಾಗಿದ್ದುದು ಈ ಎರಡನೆಯ ನಂಬಿಕೆಯೇ. ಆರೋಗ್ಯವಂತ ಹಸುವಿನ ತಾಜಾ ಹಾಲಿನಲ್ಲಿ ಕೇಡೇನಿದ್ದೀತು ಎಂದು ಗೋಪಾಲಕರು ಮಾತ್ರವಲ್ಲ, ಹೆಸರಾಂತ ವಿಜ್ಞಾನಿಗಳೂ ಭಾವಿಸಿದ್ದ ಕಾಲದಲ್ಲಿ, ಕೇಡಿದೆ ಎಂದು ಪ್ರಯೋಗಾಲಯದ ಸಾಕ್ಷ್ಯವನ್ನು ಮುಂದಿಟ್ಟು ಹೇಳಿದವರು ಆಲಿಸ್ ಕ್ಯಾಥರೀನ್ ಇವಾನ್ಸ್. ಆ ಮಾತಿಗಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ.

ಆಲಿಸ್ ಇವಾನ್ಸ್ ಜನಿಸಿದ್ದು 1881ರ ಜನವರಿ 29ರಂದು, ಪೆನ್ಸಿಲ್ವೇನಿಯಾ ರಾಜ್ಯದ ನೀತ್ ಎಂಬ ಹಳ್ಳಿಯಲ್ಲಿ. ವೇಲ್ಸ್ ಮೂಲದ ಕುಟುಂಬ. ತಂದೆ ಬೇಸಾಯಗಾರರು, ಭೂಮಾಪನ ಮತ್ತು ಶಾಲಾ ಶಿಕ್ಷಕ ವೃತ್ತಿಗಳನ್ನೂ ಮಾಡಿದವರು. ಓದು ಮುಗಿದ ಬಳಿಕ ಆ ಕಾಲದ ಹೆಣ್ಣುಮಕ್ಕಳಿಗೆ ತೆರೆದಿದ್ದ ಬಾಗಿಲುಗಳು ಕೆಲವೇ ಕೆಲವು. ಅವುಗಳಲ್ಲಿ ಒಂದಾದ ಶಿಕ್ಷಕಿಯ ಉದ್ಯೋಗವನ್ನು ಅವರು ನಾಲ್ಕು ವರ್ಷ ನಿರ್ವಹಿಸಿದರು. ಗ್ರಾಮೀಣ ಶಿಕ್ಷಕರಿಗಾಗಿ ಕಾರ್ನೆಲ್ ವಿಶ್ವವಿದ್ಯಾಲಯವು ಶುಲ್ಕವಿಲ್ಲದೆ ನಡೆಸುತ್ತಿದ್ದ ನಿಸರ್ಗ ಅಧ್ಯಯನದ ತರಗತಿಗೆ ಸೇರಿದ್ದೇ ಅವರ ಬದುಕಿನ ತಿರುವು. ಹಳ್ಳಿಯ ಮಕ್ಕಳಿಗೆ ಗಿಡಮರ, ಹಕ್ಕಿಪಕ್ಷಿಗಳ ಪಾಠ ಹೇಳಲು ಸಿದ್ಧರಾಗಬೇಕಾಗಿದ್ದವರು ಅಲ್ಲಿಯೇ ಉಳಿದು, 1909ರಲ್ಲಿ ಸೂಕ್ಷ್ಮಾಣುಶಾಸ್ತ್ರದಲ್ಲಿ ಪದವಿ ಪಡೆದರು. ಮರುವರ್ಷವೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ. ಅದಕ್ಕಾಗಿ ದೊರೆತ ವಿದ್ಯಾರ್ಥಿವೇತನವು ಅಲ್ಲಿಯವರೆಗೆ ಯಾವ ಮಹಿಳೆಗೂ ಸಂದಿರಲಿಲ್ಲ. ಡಾಕ್ಟರೇಟಿಗೆ ಮುಂದುವರಿಯುವಂತೆ ಗುರುಗಳ ಒತ್ತಾಯವಿತ್ತು. ಆದರೆ ಕೈಯಲ್ಲಿ ಹಣವಿರಲಿಲ್ಲ. ಇವಾನ್ಸ್ ಉದ್ಯೋಗವನ್ನು ಆರಿಸಿಕೊಂಡರು. ಹೆಸರಿನ ಹಿಂದೆ ಆ ಎರಡಕ್ಷರ ಇಲ್ಲದ ಕೊರತೆಯನ್ನು ಅವರ ಎದುರಾಳಿಗಳು ಮುಂದೆ ಮರೆಯಲಿಲ್ಲ.

ಉದ್ಯೋಗ ದೊರೆತದ್ದು ಅಮೆರಿಕದ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿ. ಮೊದಲ ಮೂರು ವರ್ಷ ಮ್ಯಾಡಿಸನ್ ನಗರದಲ್ಲಿಯೇ ಇದ್ದು, ಚೆಡ್ಡಾರ್ ಚೀಸಿನ ರುಚಿಯನ್ನು ಯಾವ ಸೂಕ್ಷ್ಮಾಣುಗಳು ನಿರ್ಧರಿಸುತ್ತವೆ ಎಂಬ ಸಂಶೋಧನೆಯಲ್ಲಿ ತೊಡಗಿದ್ದರು. 1913ರಲ್ಲಿ ವಾಷಿಂಗ್ಟನ್ನಿಗೆ ವರ್ಗವಾಯಿತು. ಬರಲಿರುವ ವಿಜ್ಞಾನಿ ಒಬ್ಬ ಹೆಣ್ಣುಮಗಳು ಎಂಬ ಸುದ್ದಿ ತಿಳಿದಾಗ ಅಲ್ಲಿಯ ಅಧಿಕಾರಿವರ್ಗ ಬೆಚ್ಚಿಬಿದ್ದಿತಂತೆ. ಆ ವಿಭಾಗದಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಮಹಿಳಾ ವಿಜ್ಞಾನಿ ಅವರೇ. ಇಲ್ಲಿ ಅವರಿಗೆ ವಹಿಸಲಾದ ಕೆಲಸ, ಹಸುವಿನ ಕೆಚ್ಚಲಿನಿಂದ ಆಗತಾನೆ ಕರೆದ ಹಾಲಿನಲ್ಲಿ ಯಾವ ಯಾವ ಸೂಕ್ಷ್ಮಾಣುಗಳಿರುತ್ತವೆ ಎಂದು ಪರಿಶೀಲಿಸುವುದು. ಕೇಳಲು ಏನೂ ರೋಚಕವಲ್ಲದ, ದಿನಚರಿಯಂಥ ಕೆಲಸ.

ಈ ಹಂತದಲ್ಲಿ ಓದುಗರು ಎರಡು ಹಳೆಯ ಕಥೆಗಳನ್ನು ತಿಳಿದುಕೊಳ್ಳಬೇಕಾಗುತ್ತದೆ.

ಮೊದಲನೆಯದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ್ದು. ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರನ್ನು ಒಂದು ವಿಚಿತ್ರ ಜ್ವರ ಕಾಡುತ್ತಿತ್ತು. ಕೆಲವು ವಾರ ಏರುವುದು, ಇಳಿಯುವುದು, ವಾಸಿಯಾಯಿತು ಎನ್ನುವಷ್ಟರಲ್ಲಿ ಮರುಕಳಿಸುವುದು. ರಾತ್ರಿ ಹಾಸಿಗೆಯೆಲ್ಲ ತೊಯ್ಯುವಷ್ಟು ಬೆವರು, ಕೀಲುಗಳಲ್ಲಿ ನೋವು, ಏಳಲಾರದ ನಿಶ್ಶಕ್ತಿ. ಸೇನಾ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ, ಮೃತಪಟ್ಟ ಸೈನಿಕರ ಗುಲ್ಮದಿಂದ ಇದರ ರೋಗಾಣುವನ್ನು ಬೇರ್ಪಡಿಸಿದರು. ಅದು ದುಂಡನೆಯ ಆಕಾರದ್ದೆಂದು ಬಗೆದು ದುಂಡಾಣುಗಳ ಗುಂಪಿನಲ್ಲಿ ಸೇರಿಸಿದರು. ರೋಗ ಹರಡುವ ದಾರಿ ಮಾತ್ರ ಇನ್ನೂ ಹದಿನೆಂಟು ವರ್ಷ ನಿಗೂಢವಾಗಿಯೇ ಇತ್ತು. 1905ರಲ್ಲಿ ಮಾಲ್ಟಾದವರೇ ಆದ ವೈದ್ಯ ಥೆಮಿಸ್ಟೊಕ್ಲೀಸ್ ಝಾಮಿಟ್ ಅದನ್ನು ಕಂಡುಕೊಂಡರು. ನೋಡಲು ಆರೋಗ್ಯವಾಗಿಯೇ ಇದ್ದ ಆಡುಗಳ ಹಾಲಿನಲ್ಲಿ ಈ ಅಣುಜೀವಿ ಇತ್ತು. ಅದೇ ವರ್ಷ ಮಾಲ್ಟಾದಿಂದ ಅಮೆರಿಕಕ್ಕೆ ಆಡುಗಳನ್ನು ಕೊಂಡೊಯ್ಯುತ್ತಿದ್ದ ಹಡಗೊಂದರಲ್ಲಿ ಆಡಿನ ಹಸಿಹಾಲು ಕುಡಿದ ನಾವಿಕರು ಕಾಯಿಲೆ ಬಿದ್ದರು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದೊಡನೆ ಅವರಲ್ಲಿ ಜ್ವರವೂ ಇಳಿಮುಖವಾಯಿತು.

ಎರಡನೆಯ ಕಥೆ ಡೆನ್ಮಾರ್ಕಿನದು. ಗಬ್ಬದ ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕುವುದು ಯುರೋಪಿನ ಹೈನುಗಾರರಿಗೆ ದೊಡ್ಡ ನಷ್ಟದ ಬಾಬತ್ತಾಗಿತ್ತು. ಒಂದು ಹಸುವಿಗೆ ಬಂದರೆ ಹಿಂಡಿಗೇ ಹಬ್ಬುವ ಪಿಡುಗು ಅದು. ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಇದರ ಕಾರಣಾಣುವನ್ನು ಗುರುತಿಸಿ, ಅದನ್ನು ಕಡ್ಡಿಯಾಕಾರದ ಅಣುಜೀವಿಗಳ ಸಾಲಿಗೆ ಸೇರಿಸಿದರು. ಅದು ದನಗಳ ರೋಗ, ಮನುಷ್ಯರಿಗೆ ಸಂಬಂಧವಿಲ್ಲದ್ದು ಎಂದು ಎಲ್ಲರೂ ನಿಶ್ಚಿಂತರಾಗಿದ್ದರು.

ಒಂದು ದುಂಡಾಣು, ಇನ್ನೊಂದು ಕಡ್ಡಿಯಾಣು. ಒಂದು ವೈದ್ಯರ ಪಾಲಿನದು, ಇನ್ನೊಂದು ಪಶುವೈದ್ಯರ ಪಾಲಿನದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಬ್ಯಾಂಕಿನಲ್ಲಿ ಮೂರು ದಶಕ ಕಳೆದ ನನಗೆ ಹಳೆಯ ಲೆಡ್ಜರುಗಳ ದಿನಗಳು ಇಲ್ಲಿ ನೆನಪಾಗುತ್ತವೆ. ಒಬ್ಬನೇ ಗಿರಾಕಿಯ ಎರಡು ಖಾತೆಗಳು ಬೇರೆ ಬೇರೆ ಪುಸ್ತಕಗಳಲ್ಲಿ, ಹೆಸರಿನ ತುಸು ವ್ಯತ್ಯಾಸದೊಂದಿಗೆ ಬರೆಯಲ್ಪಟ್ಟರೆ, ಯಾರಾದರೂ ಎರಡೂ ಪುಟಗಳನ್ನು ಒಟ್ಟಿಗೆ ತೆರೆಯುವವರೆಗೆ ಅವು ಇಬ್ಬರವೆಂದೇ ನಡೆದುಹೋಗುತ್ತಿದ್ದವು. ಇವಾನ್ಸ್ ಮಾಡಿದ್ದು ಎರಡು ಪುಟಗಳನ್ನು ಒಟ್ಟಿಗೆ ತೆರೆಯುವ ಈ ಕೆಲಸವನ್ನೇ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಬಗೆಯ ಗಿಡ್ಡ ಕಡ್ಡಿಗಳಂತೆ ಕಂಡವು. ಎರಡನ್ನೂ ಬೆಳೆಸಿದ ರೀತಿಯಲ್ಲಿ ಹೇಳಿಕೊಳ್ಳುವ ಭೇದವಿರಲಿಲ್ಲ. ರೋಗ ತಗುಲಿದ ಪ್ರಾಣಿಯ ರಕ್ತದ ತಿಳಿಯಲ್ಲಿ ಆ ರೋಗದ ಅಣುಗಳನ್ನು ಬೆರೆಸಿದಾಗ ಅವು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ. ಅಣುಜೀವಿಗಳ ನಂಟನ್ನು ಅಳೆಯಲು ಅಂದು ಬಳಕೆಯಲ್ಲಿದ್ದ ಮುಖ್ಯ ಪರೀಕ್ಷೆ ಅದು. ಅದರಲ್ಲಿಯೂ ಎರಡನ್ನು ಬೇರ್ಪಡಿಸುವುದು ದುಸ್ತರವಾಯಿತು. ಆಡಿನ ಅಣು ಮನುಷ್ಯನನ್ನು ಹಾಸಿಗೆಗೆ ಕೆಡಹಬಲ್ಲದಾದರೆ, ಅದರ ಸೋದರನಂತಿರುವ ಹಸುವಿನ ಅಣುವಿನ ಬಗ್ಗೆ ನಿಶ್ಚಿಂತೆ ಎಲ್ಲಿಯದು? ಅದೂ, ಯಾವ ರೋಗಲಕ್ಷಣವನ್ನೂ ತೋರದ ಹಸುಗಳ ಕೆಚ್ಚಲಿನಲ್ಲಿಯೂ ಆ ಅಣು ನೆಲೆಸಿರುವಾಗ?

1917ರಲ್ಲಿ ಅಮೆರಿಕದ ಸೂಕ್ಷ್ಮಾಣುಶಾಸ್ತ್ರಜ್ಞರ ಸಂಘದ ಸಮ್ಮೇಳನದಲ್ಲಿ ಇವಾನ್ಸ್ ಈ ಫಲಿತಾಂಶಗಳನ್ನು ಮಂಡಿಸಿ, ಹಾಲನ್ನು ಕುಡಿಯುವ ಮೊದಲು ಪಾಶ್ಚರೀಕರಿಸುವುದು ಒಳಿತೆಂದು ಸೂಚಿಸಿದರು. ಪ್ರಬಂಧವು 1918ರಲ್ಲಿ ಅಚ್ಚಾಯಿತು. ಪ್ರತಿಕ್ರಿಯೆ ನಿರಾಶಾದಾಯಕವಾಗಿತ್ತು. ಇಷ್ಟು ನಿಕಟ ಸಂಬಂಧವಿದ್ದಿದ್ದರೆ ಇಷ್ಟು ಕಾಲ ಬೇರೆ ಯಾರಿಗೂ ಕಾಣದೆ ಉಳಿಯುತ್ತಿತ್ತೇ ಎಂಬುದು ಹಲವರ ವಾದ. ಹೈನು ಉದ್ಯಮದ ಕೆಲವರಂತೂ, ಈಕೆ ಪಾಶ್ಚರೀಕರಣ ಯಂತ್ರಗಳ ತಯಾರಕರೊಂದಿಗೆ ಶಾಮೀಲಾಗಿದ್ದಾರೆಂಬ ಅಪವಾದವನ್ನೂ ಹೊರಿಸಿದರು. ಅತ್ಯಂತ ಭಾರವಾದ ವಿರೋಧ ಬಂದದ್ದು ಥಿಯೊಬಾಲ್ಡ್ ಸ್ಮಿತ್ ಅವರಿಂದ. ದನಗಳ ಜ್ವರವೊಂದನ್ನು ಉಣ್ಣೆಗಳು ಹರಡುತ್ತವೆಂದು 1893ರಲ್ಲಿ ತೋರಿಸಿಕೊಟ್ಟು ಲೋಕವಿಖ್ಯಾತರಾಗಿದ್ದ ಹಿರಿಯರು ಅವರು. ಸ್ಮಿತ್ ಕ್ಷುದ್ರ ವ್ಯಕ್ತಿಯಾಗಿರಲಿಲ್ಲ, ಅವರ ಆಕ್ಷೇಪದಲ್ಲಿ ಒಂದು ತರ್ಕವೂ ಇತ್ತು: ಹಸುವಿನ ಹಾಲಿನಿಂದ ಮನುಷ್ಯರು ಕಾಯಿಲೆ ಬಿದ್ದ ಪ್ರಕರಣಗಳೆಲ್ಲಿ?

ಪ್ರಕರಣಗಳು ಇದ್ದವು, ಬೇರೆ ಹೆಸರುಗಳಡಿಯಲ್ಲಿ. ಟೈಫಾಯ್ಡ್, ಮಲೇರಿಯಾ, ಕ್ಷಯ, ಸಂಧಿವಾತ, ಇನ್‌ಫ್ಲುಯೆಂಜಾ ಎಂದೆಲ್ಲ ವೈದ್ಯರು ಚೀಟಿ ಬರೆದು ಕಳುಹಿಸುತ್ತಿದ್ದ ಜ್ವರಗಳ ನಡುವೆ ಈ ರೋಗವೂ ಅಡಗಿತ್ತು. 1920ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ ಮೇಯರ್ ಮತ್ತು ಸಂಗಡಿಗರು ಇವಾನ್ಸ್ ಅವರ ಕೆಲಸವನ್ನು ಪುನಃ ಮಾಡಿ ನೋಡಿ, ಎರಡೂ ಅಣುಗಳನ್ನು ಒಂದೇ ಕುಲಕ್ಕೆ ಸೇರಿಸಿ, ಬ್ರೂಸ್ ಅವರ ಗೌರವಾರ್ಥ ಬ್ರುಸೆಲ್ಲಾ ಎಂದು ಹೆಸರಿಟ್ಟರು. 1924ರಲ್ಲಿ ಬಾಲ್ಟಿಮೋರಿನ ರೋಗಿಯೊಬ್ಬರಲ್ಲಿ ಹಸುವಿನ ಬಗೆಯ ಅಣುವೇ ಪತ್ತೆಯಾಯಿತು. ಆಮೇಲೆ ಹುಡುಕಿದಲ್ಲೆಲ್ಲ ಸಿಗತೊಡಗಿತು. 1925ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯು ದನಗಳ ಗರ್ಭಪಾತ ರೋಗದ ಕುರಿತು ಸ್ಮಿತ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿದಾಗ ಇವಾನ್ಸ್ ಅವರಿಗೂ ಅದರಲ್ಲಿ ಸ್ಥಾನ ದೊರೆಯಿತು.

ಆ ವೇಳೆಗೆ ಇವಾನ್ಸ್ ಸ್ವತಃ ರೋಗಿಯಾಗಿದ್ದರು. 1918ರಲ್ಲಿಯೇ ಅವರು ಸಾರ್ವಜನಿಕ ಆರೋಗ್ಯ ಸೇವೆಯ ಹೈಜೀನಿಕ್ ಪ್ರಯೋಗಾಲಯಕ್ಕೆ, ಅಂದರೆ ಇಂದಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಪೂರ್ವಜ ಸಂಸ್ಥೆಗೆ, ಸೇರಿದ್ದರು. ಅಲ್ಲಿ ಈ ಅಣುಗಳೊಂದಿಗೆ ಕೆಲಸ ಮಾಡುತ್ತಿದ್ದಾಗ 1922ರಲ್ಲಿ ಸೋಂಕು ತಗುಲಿತು. ಪ್ರತಿಜೀವಕಗಳು ಇನ್ನೂ ಹುಟ್ಟದ ಕಾಲ. ಜ್ವರ ಬಂದು ಹೋಗುತ್ತ, ಎರಡು ದಶಕಗಳಿಗೂ ಮಿಕ್ಕಿ ಅವರನ್ನು ಕಾಡಿತು. ಇನ್ನೂ ಕ್ರೂರವಾದ ಸಂಗತಿಯೆಂದರೆ, ಕಾಯಿಲೆಯೇ ಇಲ್ಲವೆಂದು ಅನ್ನಿಸಿಕೊಳ್ಳಬೇಕಾಗಿ ಬಂದದ್ದು. ದೀರ್ಘಕಾಲದ ಬ್ರುಸೆಲ್ಲೋಸಿಸ್ ಹೇಗಿರುತ್ತದೆಂಬ ತಿಳಿವಳಿಕೆ ಅಂದಿನ ವೈದ್ಯಲೋಕಕ್ಕೆ ಇರಲಿಲ್ಲ. ಪರೀಕ್ಷೆಯಲ್ಲಿ ಏನೂ ಸಿಗದಿದ್ದಾಗ ನರದೌರ್ಬಲ್ಯವೆಂಬ ಹಣೆಪಟ್ಟಿ ಹಚ್ಚುತ್ತಿದ್ದರು. ಎಲ್ಲವೂ ಮನಸ್ಸಿನ ಕಲ್ಪನೆ ಎಂಬುದೇ ಅದರ ಒಳ ಅರ್ಥ. ಆ ರೋಗವನ್ನು ಪ್ರಪಂಚದಲ್ಲಿ ಬಲ್ಲ ಕೆಲವೇ ಮಂದಿಯಲ್ಲಿ ಒಬ್ಬರಾದ ಇವಾನ್ಸ್ ಅವರಿಗೂ ಇದೇ ಹಣೆಪಟ್ಟಿ ಅಂಟಿತು. ವರ್ಷಗಳ ಬಳಿಕ ಬೇರೊಂದು ಕಾರಣಕ್ಕೆ ಶಸ್ತ್ರಚಿಕಿತ್ಸೆಯಾದಾಗ ದೇಹದೊಳಗಿನ ಗಾಯಗಳಿಂದ ಬ್ರುಸೆಲ್ಲಾ ಅಣುವನ್ನು ಬೆಳೆಸಲು ಸಾಧ್ಯವಾಯಿತು. ಅವರ ಮಾತು ಆಗ ನಿಜವೆನಿಸಿತು. ಅವರಂತೆಯೇ ಬಳಲುತ್ತ, ಸೋಮಾರಿಗಳೆಂದೋ ಹುಸಿ ರೋಗಿಗಳೆಂದೋ ಅನ್ನಿಸಿಕೊಂಡ ಎಷ್ಟು ಮಂದಿ ಹೊಲಮನೆಗಳಲ್ಲಿ ಇದ್ದಿರಬಹುದು! ಇವಾನ್ಸ್ ಅಂಥ ರೋಗಿಗಳ ಪರವಾಗಿ ಮುಂದೆಯೂ ಬರೆಯುತ್ತ ಬಂದರು.

1928ರಲ್ಲಿ, ಒಂದು ಕಾಲಕ್ಕೆ ಅವರ ಮಾತನ್ನು ಅನುಮಾನದಿಂದ ಕೇಳಿದ್ದ ಅದೇ ಸಂಘವು ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. 1930ರಲ್ಲಿ ಪ್ಯಾರಿಸಿನಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಸೂಕ್ಷ್ಮಾಣುಶಾಸ್ತ್ರ ಸಮ್ಮೇಳನಕ್ಕೆ ಅಮೆರಿಕದ ಪ್ರತಿನಿಧಿಯಾಗಿ ಹೋಗಿಬಂದರು. 1934ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜು, 1948ರಲ್ಲಿ ತಾವು ಓದಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಅವರಿಗೆ ಗೌರವ ಪದವಿಗಳನ್ನು ನೀಡಿದವು. ಈ ಎಲ್ಲ ಗೌರವಗಳಿಗಿಂತ ಮುಖ್ಯವಾದದ್ದು ಹೊರಗೆ ನಡೆಯುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಊರೂರುಗಳಲ್ಲಿ ಹಾಲಿನ ಪಾಶ್ಚರೀಕರಣ ಕಡ್ಡಾಯವಾಗುತ್ತ ಬಂತು. 63 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ಗಂಟೆ, ಅಥವಾ 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಹಾಲನ್ನು ಬಿಸಿಯಲ್ಲಿಟ್ಟರೆ ಬ್ರುಸೆಲ್ಲಾ ಉಳಿಯುವುದಿಲ್ಲ. ಕ್ಷಯದ ಅಣುವೂ ಅಷ್ಟೇ. ಕ್ಷಯದ ಭಯದಿಂದ ಷಿಕಾಗೋದಂಥ ನಗರಗಳು ಮೊದಲೇ ಈ ಹಾದಿ ಹಿಡಿದಿದ್ದವು ನಿಜ. ಆದರೆ ಹಿಂಡಿನಲ್ಲಿ ಕ್ಷಯವಿಲ್ಲವೆಂದು ಪ್ರಮಾಣಪತ್ರ ಪಡೆದ ಹಸುವಿನ ಹಸಿಹಾಲು ಸುರಕ್ಷಿತ ಎಂಬ ವಾದದ ಬುಡವನ್ನು ಅಲ್ಲಾಡಿಸಿದ್ದು ಇವಾನ್ಸ್ ಅವರ ಕೆಲಸ.

ನಮ್ಮ ದೇಶಕ್ಕೂ ಈ ರೋಗ ಹೊರಗಿನದಲ್ಲ. ದನಗಳಲ್ಲಿ ಬ್ರುಸೆಲ್ಲೋಸಿಸ್ ಇಂದಿಗೂ ಇದ್ದು, 2019ರಲ್ಲಿ ಕೇಂದ್ರ ಸರಕಾರವು ಕಾಲುಬಾಯಿ ರೋಗದೊಂದಿಗೆ ಇದನ್ನೂ ಸೇರಿಸಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸುವ ಏರ್ಪಾಡು ಮಾಡಿತು. ಪಶುವೈದ್ಯರು, ದನ ಕಾಯುವವರು, ಕಂದು ಹಾಕಿದ ಹಸುವಿನ ಆರೈಕೆಗೆ ಬರಿಗೈಯಿಂದ ಮುಂದಾಗುವ ರೈತರು ಇದಕ್ಕೆ ಮೊದಲ ತುತ್ತು. ನಗರವಾಸಿಗಳಾದ ನಮಗೆ ಪಾಶ್ಚರೀಕರಿಸಿದ ಹಾಲಿನ ಚೀಲ ಬಾಗಿಲಿಗೇ ಬರುತ್ತದೆ. ಅದನ್ನೂ ನಮ್ಮ ಗೃಹಿಣಿಯರು ಮತ್ತೊಮ್ಮೆ ಕಾಯಿಸದೆ ಬಿಡುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಮೊಮ್ಮಕ್ಕಳ ಕೈಗೆ ಅಕ್ಕರೆಯಿಂದ ನೊರೆಹಾಲಿನ ಲೋಟ ಕೊಡುವ ಹಿರಿಯರಿದ್ದರೆ, ಅಕ್ಕರೆಗೆ ಅಡ್ಡಿಯಿಲ್ಲ, ಹಾಲನ್ನು ಒಂದು ಕುದಿ ಕುದಿಸಿ ಕೊಡಿ ಎಂದಷ್ಟೇ ಹೇಳಬಹುದು.

1945ರಲ್ಲಿ ಇವಾನ್ಸ್ ನಿವೃತ್ತರಾದರು. ಅವಿವಾಹಿತರಾಗಿಯೇ ಉಳಿದ ಅವರು, ವೃತ್ತಿಯನ್ನು ಅರಸುವ ಹೆಣ್ಣುಮಕ್ಕಳಿಗೆ ವಿಜ್ಞಾನದ ಹಾದಿಯ ಕುರಿತು ಭಾಷಣ ಮಾಡುತ್ತಿದ್ದರು. ಸ್ವಭಾವದ ಹಟ ವಯಸ್ಸಿನೊಂದಿಗೆ ಕರಗಲಿಲ್ಲ. 1966ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ವೃದ್ಧರ ಆರೋಗ್ಯ ವಿಮೆಯ ಅರ್ಜಿಯಲ್ಲಿ ತಾವು ಕಮ್ಯುನಿಸ್ಟ್ ಸಂಘಟನೆಗೆ ಸೇರಿದವರಲ್ಲವೆಂದು ಬರೆದುಕೊಡಬೇಕೆಂಬ ಕಲಮನ್ನು ಕಂಡು, ಅದು ತಮ್ಮ ಅಭಿಪ್ರಾಯ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಸರಕಾರದ ನ್ಯಾಯ ಇಲಾಖೆಯೇ ಆ ಕಲಮು ಸಂವಿಧಾನಕ್ಕೆ ವಿರುದ್ಧವೆಂದು ಒಪ್ಪಿಕೊಂಡಿತು. 1975ರ ಸೆಪ್ಟೆಂಬರ್ 5ರಂದು, ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 94 ವರ್ಷ.